ಕ್ಲಚ್ಚಿನಿಂದ ಎರಡು ಬೆರಳು ಮೇಲೆ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಅವಸರದಕ್ಕ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಗಿನ ಐದೂವರೆಯ ಗಾಡಿಗೆ ಅವಳು ಐದಕ್ಕೇ ಬಂದು ನಿಂತಿರುತ್ತಿದ್ದಳು. ಟೀ ಆರುವ ತನಕ ಕಾಯಲಾರದೆ ಅದಕ್ಕೆ ತಣ್ಣೀರು ಸುರಿದುಕೊಂಡು ಕುಡಿಯುತ್ತಿದ್ದಳು. ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟು, ಉತ್ತರ ತಪ್ಪಾದರೆ ಅದನ್ನೂ ಅವಸರದಲ್ಲೇ ತಿದ್ದುತ್ತಿದ್ದಳು. ಐವತ್ತೆರಡು ವರ್ಷ, ಗಟ್ಟಿ ಆಳು, ಇಪ್ಪತ್ತೆರಡು ವರ್ಷದ ಸರ್ವಿಸು. ಇಷ್ಟು ಚಡಪಡಿಸುವವಳು ಬಸ್ಸಿನ ಸೀಟಿನಲ್ಲಿ ಎಂಟು ಗಂಟೆ ಹೇಗೆ ಕೂರುತ್ತೀಯೇ ತಾಯಿ ಎಂದು ಯಾರಾದರೂ ಕೇಳಿದರೆ, "ನಾನೆಲ್ಲಿ ಕೂತಿರ್ತೀನಿ? ಹೋಗ್ತಾ ಇರ್ತೀನಲ್ಲ!" ಎನ್ನುತ್ತಿದ್ದಳು.

ಇಂಥವಳ ಕುತ್ತಿಗೆ ಒಂದು ಬೆಳಿಗ್ಗೆ ಹಿಡಿದುಕೊಂಡಿತು. ಎರಡು ದಿನದಲ್ಲಿ ಬಿಟ್ಟೀತು ಅಂದುಕೊಂಡಳು. ಎರಡು ತಿಂಗಳಾಯಿತು, ವರ್ಷವಾಯಿತು, ಬಿಡಲಿಲ್ಲ. ಎಡಕ್ಕೆ ಹೇಗೋ ತಿರುಗುತ್ತಿತ್ತು. ಬಲಕ್ಕೆ ಮಾತ್ರ, ಗಲ್ಲ ಭುಜದ ಅರ್ಧ ದಾರಿಗೆ ಬರುವಷ್ಟರಲ್ಲಿ ಯಾರೋ ಒಳಗಿನಿಂದ ಅಗುಳಿ ಹಾಕಿದ ಹಾಗೆ ನಿಂತುಬಿಡುತ್ತಿತ್ತು. ಡ್ರೈವರಾದವಳಿಗೆ ಬೇಕಾದದ್ದೇ ಆ ಬಲಗಡೆ. ಗಾಡಿ ರಿವರ್ಸ್ ತೆಗೆಯುವಾಗ ಬಲಗಡೆಯ ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಬೇಕು. ಕನ್ನಡಿ ಇದೆ, ನಿಜ. ಆದರೆ ಕನ್ನಡಿಗೆ ಕಾಣದ ಒಂದು ಮೂಲೆ ಪ್ರತಿ ಬಸ್ಸಿಗೂ ಇರುತ್ತದೆ.

ವರ್ಷವಿಡೀ ಈ ಗುಟ್ಟನ್ನು ಕಾಪಾಡಿದವನು ಅವಳ ಕಂಡಕ್ಟರ್. ಮೂವತ್ತೈದರ ಪ್ರಾಯ, ಎರಡು ಮಕ್ಕಳ ತಂದೆ. ಬೆರಳು ಬಾಯಿಗಿಟ್ಟು ಊದಿದರೆ ಮೂರು ಬೀದಿಗೆ ಕೇಳಿಸುತ್ತಿದ್ದುದರಿಂದ ಶಿಳ್ಳೆ ಎಂದೇ ಹೆಸರು. ರಿವರ್ಸ್ ಬಂದಾಗಲೆಲ್ಲ ಅವನು ಕೆಳಗಿಳಿದು ಹಿಂದೆ ಓಡಿ, "ಬರ್ಲಿ ಬರ್ಲಿ ಬರ್ಲಿ... ಹೋಲ್ಡಾನ್!" ಎಂದು ಕೂಗುತ್ತಿದ್ದ. ಅವಳು ಅವನ ಗಂಟಲನ್ನೇ ಕಣ್ಣು ಮಾಡಿಕೊಂಡು ಗಾಡಿ ತೆಗೆಯುತ್ತಿದ್ದಳು. ಒಂದು ಮಧ್ಯಾಹ್ನ ಶಿಳ್ಳೆಗೆ ಶೀತವಾಗಿ ಗಂಟಲು ಕಟ್ಟಿತ್ತು. ಕೊನೆ ಸ್ಟಾಪಿನಲ್ಲಿ ಅವನ "ಹೋಲ್ಡಾನ್" ಗಂಟಲಲ್ಲೇ ಉಳಿಯಿತು. ಬಸ್ಸಿನ ಹಿಂಭಾಗ ಹೋಗಿ ಅಲ್ಲಿದ್ದ ಸಿಮೆಂಟಿನ ಬೆಂಚಿಗೆ ತಗುಲಿ, ಬೆಂಚು ಎರಡು ಹೋಳಾಯಿತು. ಒಂದು ನಿಮಿಷದ ಹಿಂದೆ ಅದರ ಮೇಲೆ ಮೂರು ಜನ ಕೂತಿದ್ದರು. ಬಸ್ ಬಂತೆಂದು ಎದ್ದು ಬಂದಿದ್ದರು, ಅಷ್ಟೇ.

ಅವಳು ಇಳಿದು ಬಂದು ಆ ಹೋಳುಗಳನ್ನು ನೋಡಿದಳು. ಆ ದಿನ ಟೀಗೆ ತಣ್ಣೀರು ಹಾಕಿಕೊಳ್ಳಲಿಲ್ಲ. ಟೀಯನ್ನೇ ಕುಡಿಯಲಿಲ್ಲ.

ಡಿಪೋದಿಂದ ಆಜ್ಞೆ ಬಂತು. ಐವತ್ತು ದಾಟಿದ ಡ್ರೈವರುಗಳಿಗೆಲ್ಲ ಎಂಟು ವಾರದ ನಂತರ ಪರೀಕ್ಷೆ. ಡಾಕ್ಟರೂ ಇನ್ಸ್‌ಪೆಕ್ಟರೂ ನಿಂತು ನೋಡುತ್ತಾರೆ. ಡಿಪೋದ ಅಂಗಳದಲ್ಲಿ ಕಂಬಗಳನ್ನು ನಿಲ್ಲಿಸಿದ ಮೂರನೇ ನಂಬರಿನ ಜಾಗಕ್ಕೆ, ಕಂಡಕ್ಟರ್ ಕೂಗದೆ, ತಾನೇ ಹಿಂತಿರುಗಿ ನೋಡಿಕೊಂಡು ಬಸ್ಸನ್ನು ಹಿಂದಕ್ಕೆ ತೂರಿಸಬೇಕು. ಆಗದಿದ್ದರೆ ಕೂತು ಮಾಡುವ ಕೆಲಸ.

ಅವಳ ಪಾಲಿಗೆ ಕೂತು ಮಾಡುವ ಕೆಲಸ ಎಂದರೆ ಕೀಲಿ ಕೋಣೆ. ಎಂಟಡಿ ಉದ್ದ, ಆರಡಿ ಅಗಲ. ಗೋಡೆ ತುಂಬ ಮೊಳೆಗಳು, ಮೊಳೆಗೊಂದು ಕೀಲಿ. ಒಂದು ಸ್ಟೂಲು, ಒಂದು ಕಿಂಡಿ. ಬೆಳಿಗ್ಗೆ ಕಿಂಡಿಯಲ್ಲಿ ಕೀಲಿ ಕೊಡಬೇಕು, ಸಂಜೆ ಅದೇ ಕಿಂಡಿಯಲ್ಲಿ ತೆಗೆದುಕೊಳ್ಳಬೇಕು. ನಡುವಿನ ಹೊತ್ತು ಮೊಳೆಗಳನ್ನು ನೋಡುತ್ತ ಕೂರಬೇಕು. ಅಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದ ಕೀಲಿಯಣ್ಣ, ಅವನೂ ಹಿಂದೆ ಡ್ರೈವರೇ, ಎರಡು ತಿಂಗಳಲ್ಲಿ ನಿವೃತ್ತನಾಗುವವನಿದ್ದ. ಅವಳನ್ನು ಕಂಡಾಗಲೆಲ್ಲ ಕಿಂಡಿಯಿಂದ ಮುಖ ಹಾಕುತ್ತಿದ್ದ.

"ಬಾರಮ್ಮ ತಂಗಿ, ಸ್ಟೂಲ್ ಒರೆಸಿಟ್ಟಿದೀನಿ. ದಿಂಬು ನಿಂದೇ ತರ್ಬೇಕು."

"ನಿನ್ ಸ್ಟೂಲ್ ನೀನೇ ಹೊತ್ಕೊಂಡ್ ಹೋಗಣ್ಣ. ಬೆನ್ನಿಗೆ ಅಂಟ್ಕೊಂಡಿರುತ್ತೆ, ಕೀಳೋದು ಕಷ್ಟ."

ಬಾಯಲ್ಲಿ ಹೀಗಂದರೂ, ಆ ಕಿಂಡಿ ನೆನಪಾದರೆ ಅವಳಿಗೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

ಅಲ್ಲಿಂದ ಶುರುವಾಯಿತು ಕುತ್ತಿಗೆಯ ಜೊತೆ ಜಗಳ. ಎಣ್ಣೆ ತಿಕ್ಕಿದಳು, ಬಿಸಿನೀರಿನ ಚೀಲ ಇಟ್ಟಳು, ಪಟ್ಟಿ ಕಟ್ಟಿದಳು. ಪಟ್ಟಿ ಕಟ್ಟಿದ ದಿನ ಹನ್ನೊಂದು ಪ್ರಯಾಣಿಕರು ಏನಾಯ್ತು ಏನಾಯ್ತು ಎಂದು ಕೇಳಿದ್ದರಿಂದ ಬಿಚ್ಚಿ ಎಸೆದಳು. ಕೊನೆಗೆ ಗಂಡನ ಮುಂದೆ ಹೋಗಿ ಕೂತು, "ರೀ, ಹಿಡಿದು ತಿರುಗ್ಸಿ ಬಿಡಿ ಒಂದ್ಸಲ" ಎಂದಳು.

ಗಂಡ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಅಕ್ಕಿಕಾಳಿಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಹಿಡಿದು, ಬೆಳಗಿನಿಂದ ಸಂಜೆಯವರೆಗೆ ಅಲ್ಲಾಡದೆ ಕೂರುವ ಪ್ರಾಣಿ. ಇವಳು ಮೂರು ಕೆಲಸ ಮುಗಿಸಿ ಬಂದರೂ ಅವನ ಕೈಯ ತಿರುಪು ಅರ್ಧ ಸುತ್ತು ಬಂದಿರುತ್ತಿತ್ತು. ಇಬ್ಬರಿಗೂ ಗಂಟು ಹಾಕಿದವರಿಗೆ ತಮಾಷೆ ಮಾಡುವ ಮನಸ್ಸಿತ್ತೇನೋ.

"ತಿರುಗ್ದಿರೋದನ್ನ ಬಲವಂತ ಮಾಡಿದ್ರೆ ಮುರಿಯುತ್ತೆ ಕಣೇ," ಎಂದ ಅವನು ಮಸೂರ ತೆಗೆಯದೆ.

"ನಾನೇನು ನಿಮ್ಮ ಗಡಿಯಾರಾನಾ?"

"ಗಡಿಯಾರ ಆಗಿದ್ರೆ ಇಷ್ಟ್ ಹೊತ್ತಿಗೆ ಬಿಚ್ಚಿ ನೋಡಿರ್ತಿದ್ದೆ. ಚಾಪೆ ಟೀಚರ್ ಹತ್ರ ಹೋಗ್ತೀಯಾ? ನಿನ್ನೆ ಗೋಡೆ ಗಡಿಯಾರ ಕೊಟ್ಟು ಹೋದ್ರು. ನೆಲದ ಮೇಲೆ ಮಲಗ್ಸಿ ಏನೋ ಹೇಳಿಕೊಡ್ತಾರಂತೆ. ಕುತ್ತಿಗೆ, ಸೊಂಟ, ಎಲ್ಲದಕ್ಕೂ."

"ಮಲಗೋದನ್ನ ಯಾರಾದ್ರೂ ಹೇಳಿಕೊಡ್ತಾರಾ?"

"ಹೋಗ್ ನೋಡು. ನಿಂಗಂತೂ ಗೊತ್ತಿಲ್ಲ."

ಚಾಪೆ ಟೀಚರಿಗೆ ಎಪ್ಪತ್ತು ದಾಟಿತ್ತು. ಹಿಂದೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಹೇಳುತ್ತಿದ್ದವರು. ಬೆನ್ನು ನೋವಿಗೆಂದು ಯಾರ ಹತ್ತಿರವೋ ಈ ಪಾಠ ಕಲಿಯಲು ಹೋದವರು, ಕಡೆಗೆ ತಾವೇ ಕಲಿಸಲು ಕೂತರು. ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಹಜಾರ, ಹತ್ತು ಚಾಪೆ, ಮಡಿಸಿಟ್ಟ ಕಂಬಳಿಗಳು. ಕೆಳಗಿನಿಂದ ಇಸ್ತ್ರಿಯ ಬಿಸಿ ವಾಸನೆ ಬರುತ್ತಿತ್ತು. ಟೀಚರು ಏನನ್ನೂ ಮಾಡಿ ತೋರಿಸುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತು ಬರೀ ಹೇಳುತ್ತಿದ್ದರು. ಜನ ಮಲಗಿಕೊಂಡು, ಕೇಳಿಕೊಂಡು, ಹೇಳಿದ್ದನ್ನು ತಮಗೆ ತಿಳಿದ ಹಾಗೆ ಮಾಡಬೇಕು.

"ಬೆನ್ನ ಮೇಲೆ ಮಲಗಿ. ಏನೂ ಸರಿ ಮಾಡ್ಕೊಳ್ಳೋದು ಬೇಡ. ಯಾವ ಹಿಮ್ಮಡಿ ನೆಲಾನ ಹೆಚ್ಚು ಒತ್ತುತ್ತಾ ಇದೆ, ಬಲಗಾಲಿಂದೋ ಎಡಗಾಲಿಂದೋ?"

ಅವಸರದಕ್ಕನಿಗೆ ನಗು ಬಂತು. ಎರಡು ಹಿಮ್ಮಡಿ, ಎರಡೂ ನೆಲದ ಮೇಲೆ. ಇದರಲ್ಲಿ ಕೇಳುವುದೇನಿದೆ? ಪಕ್ಕಕ್ಕೆ ಕಣ್ಣು ಹಾಯಿಸಿದಳು. ದೊಡ್ಡ ಹೊಟ್ಟೆಯ ಬ್ಯಾಂಕಿನ ಗುಮಾಸ್ತ, ಸೊಂಟ ಹಿಡಿದ ದಾದಿ, ಎಲ್ಲರೂ ಏನೋ ಗಹನವಾದದ್ದನ್ನು ಕೇಳಿಸಿಕೊಳ್ಳುವವರಂತೆ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದರು.

"ಮಂಡಿ ಮಡಚಿ. ಎರಡೂ ಮಂಡಿ ಸ್ವಲ್ಪವೇ ಸ್ವಲ್ಪ ಬಲಕ್ಕೆ ವಾಲಲಿ. ಸುಲಭ ಇರೋವಷ್ಟು ಮಾತ್ರ. ವಾಪಸ್ ಬನ್ನಿ."

ಅವಳು ಎರಡೂ ಮಂಡಿಗಳನ್ನು ಧಡಾರನೆ ನೆಲಕ್ಕೆ ಕೆಡವಿ, ಧಡಾರನೆ ಎತ್ತಿದಳು. ಉಳಿದವರು ಮೂರು ಸಲ ಮಾಡುವಷ್ಟರಲ್ಲಿ ಇಪ್ಪತ್ತು ಮುಗಿಸಿ, ತಲೆ ಎತ್ತಿ, "ಆಯ್ತು. ಮುಂದೆ?" ಎಂದಳು.

"ಡ್ರೈವರಮ್ಮ, ಅಷ್ಟು ದೂರ ಹೋಗೋದು ಬೇಡ."

"ಕೊನೆ ಸ್ಟಾಪ್ ಮುಟ್ಟದೆ ಬಸ್ ವಾಪಸ್ ತಿರುಗ್ಸಿದ್ರೆ ಜನ ಬಿಡ್ತಾರಾ ಟೀಚರ್?"

ಉಳಿದ ಚಾಪೆಗಳಿಂದೆಲ್ಲ ನಗು ಎದ್ದಿತು. ಟೀಚರೂ ನಕ್ಕರು. "ಇವತ್ತು ಬಸ್ ಖಾಲಿ. ಅರ್ಧ ದಾರಿಗೇ ತಿರುಗ್ಸಿ. ಯಾರೂ ಕೇಳಲ್ಲ. ಈಗ ಕಾಲು ಚಾಚಿ, ಸುಮ್ನಿರಿ."

ಈ "ಸುಮ್ನಿರಿ" ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಐದು ನಿಮಿಷ ಮಾಡಿದರೆ ಎರಡು ನಿಮಿಷ ಸುಮ್ಮನಿರಬೇಕು. ಸುಮ್ಮನಿದ್ದರೆ ಮೈಯೆಲ್ಲ ಇರುವೆ ಹರಿದ ಹಾಗೆ. ಈಗ ನನ್ನ ಗಾಡಿ ಯಾರ ಕೈಲಿದೆ, ಸಂತೆ ಸ್ಟಾಪಿನ ಸಿಗ್ನಲ್ ದಾಟಿರಬಹುದು, ಆ ದಡ್ಡ ಎರಡನೇ ಗೇರಿನಲ್ಲೇ ಏರು ಹತ್ತಿಸುತ್ತಿರಬಹುದು. ತಲೆಯೊಳಗೆ ಇಡೀ ರೂಟು ಓಡುತ್ತಿತ್ತು. ಮಾರನೇ ದಿನ ಕುತ್ತಿಗೆ ಇನ್ನಷ್ಟು ಬಿಗಿದಿತ್ತು.

"ನಿಮ್ಮ ಟೀಚರ್ ರೈಲಿನವರು ಅಲ್ವಾ, ಅದಕ್ಕೇ ಎಲ್ಲ ತಡ," ಎಂದು ಗಂಡನ ಮೇಲೆ ಹರಿಹಾಯ್ದಳು. "ನಾನು ಹೋಗಲ್ಲ."

ಎರಡು ವಾರ ಹೋಗಲಿಲ್ಲ. ಆ ಎರಡು ವಾರದಲ್ಲಿ ಒಂದು ಮಧ್ಯಾಹ್ನ ಡಿಪೋದ ಅಂಗಳ ಖಾಲಿಯಿದ್ದಾಗ, ಶಿಳ್ಳೆಯನ್ನು ಬಾಯಿ ಮುಚ್ಚಿಸಿ ನಿಲ್ಲಿಸಿ, ಮೂರನೇ ನಂಬರಿನ ಜಾಗಕ್ಕೆ ಗಾಡಿ ತೂರಿಸಿ ನೋಡಿದಳು. ಮೊದಲ ಸಲ ಬಲಗಡೆ ಕಂಬ ಬಿತ್ತು. ಎರಡನೇ ಸಲವೂ ಬಿತ್ತು. ಮೂರನೇ ಸಲ ತಿರುಗದ ಕುತ್ತಿಗೆಯನ್ನು ಕೈಯಿಂದ ನೂಕಿಕೊಂಡಳು. ಕಣ್ಣಲ್ಲಿ ನೀರು ಬಂತು, ಕಂಬ ಮತ್ತೆ ಬಿತ್ತು.

"ಬೇಕಾದ್ರೆ ಪರೀಕ್ಷೆ ದಿನ ಕೆಮ್ಮಿದ ಹಾಗೆ ಮಾಡ್ತೀನಕ್ಕ," ಎಂದ ಶಿಳ್ಳೆ, ಕಂಬ ಎತ್ತಿ ನಿಲ್ಲಿಸುತ್ತ. "ಒಂದ್ ಕೆಮ್ಮಿದ್ರೆ ಬರ್ಲಿ. ಎರಡ್ ಕೆಮ್ಮಿದ್ರೆ ಹೋಲ್ಡಾನ್."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಯೋಚಿಸಿದ್ದು ನಿಜ. ಆಮೇಲೆ, "ಆ ಬೆಂಚಿನ ಮೇಲೆ ಮೂರ್ ಜನ ಇದ್ರು ಕಣೋ," ಎಂದಳು.

ಆ ಶನಿವಾರ ಅವಳು ಬಟ್ಟೆ ಒಗೆಯುವ ಅಂಗಡಿಯ ಮೆಟ್ಟಿಲು ಹತ್ತಿದಳು. ಅವತ್ತಿನ ಪಾಠ ಗಡಿಯಾರದ್ದು. ಮಂಡಿ ಮಡಚಿ ಮಲಗಬೇಕು. ಸೊಂಟದ ಕೆಳಗೆ ಒಂದು ಗಡಿಯಾರದ ಮುಖ ಇದೆ ಅಂದುಕೊಳ್ಳಬೇಕು. ಬಾಲದೆಲುಬಿನ ಕಡೆ ಆರು, ಸೊಂಟದ ಕಡೆ ಹನ್ನೆರಡು. ಮೈಯ ಭಾರವನ್ನು ಮೆಲ್ಲಗೆ ಒಂದೊಂದೇ ಗಂಟೆಯ ಮೇಲೆ ಉರುಳಿಸುತ್ತ ಸುತ್ತಿ ಬರಬೇಕು. ಗಡಿಯಾರದವನ ಹೆಂಡತಿಗೆ ಇದೇನು ದೊಡ್ಡದು ಎಂದು ಹೊರಟವಳು, ಬಲಗಡೆಯ ಗಂಟೆಗಳನ್ನೆಲ್ಲ ಒಂದೂ ಬಿಡದೆ ಮುಟ್ಟಿದಳು. ಎಡಗಡೆಗೆ ಬಂದರೆ ಏಳರಿಂದ ಹತ್ತಕ್ಕೆ ಜಿಗಿತ. ನಡುವೆ ಎಂಟೂ ಇಲ್ಲ, ಒಂಬತ್ತೂ ಇಲ್ಲ. ಮತ್ತೆ ಹೋದಳು. ಮತ್ತೆ ಜಿಗಿತ. ತನ್ನ ಸ್ವಂತ ಸೊಂಟದಲ್ಲಿ ಎರಡು ಗಂಟೆ ಕಳೆದುಹೋಗಿದ್ದವು.

"ಟೀಚರ್, ಇಲ್ಲಿ ಎಂಟು ಗಂಟೆ ಇಲ್ಲ."

"ಹೌದಾ? ಹುಡುಕಬೇಡಿ. ಕಾಲು ಚಾಚಿ ಸುಮ್ನಿರಿ." ಟೀಚರು ಕುರ್ಚಿಯಿಂದ ಎದ್ದು ಬಂದು ಅವಳ ಕಾಲ ಬಳಿ ನಿಂತರು. "ಡ್ರೈವರಮ್ಮ, ನಿಮ್ಮ ಎಡಗಾಲು ಏನ್ ಮಾಡ್ತಾ ಇದೆ?"

"ಏನ್ ಮಾಡುತ್ತೆ? ಮಲಗಿದೆ."

"ತಲೆ ಎತ್ತಿ ನೋಡಿ."

ಎತ್ತಿ ನೋಡಿದಳು. ಬಲಪಾದ ಹೊರಗೆ ವಾಲಿ ಬಿದ್ದಿತ್ತು. ಎಡಪಾದ ನೆಟ್ಟಗೆ ನಿಂತಿತ್ತು. ಬೆರಳುಗಳು ಮೇಲಕ್ಕೆ, ಮಂಡಿಯ ಕೆಳಗೆ ಒಂದು ಕೈ ತೂರುವಷ್ಟು ಸಂದಿ, ಹಿಮ್ಮಡಿ ನೆಲದಿಂದ ಒಂದಿಷ್ಟು ಮೇಲೆ. ಯಾರೂ ಕೇಳದೆ, ಯಾರೂ ಹೇಳದೆ, ಗಾಳಿಯಲ್ಲಿ. ಅವಳು ಅದನ್ನು ಕೆಳಗೆ ಬಿಟ್ಟಳು. ಬಿಟ್ಟೆ ಅಂದುಕೊಂಡು ತಲೆ ಇಟ್ಟಳು. ಮತ್ತೆ ತಲೆ ಎತ್ತುವಷ್ಟರಲ್ಲಿ ಕಾಲು ಅದೇ ಜಾಗದಲ್ಲಿತ್ತು.

ಆ ಅಂತರ ಎಷ್ಟು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಬೆರಳು.

ಈ ಎರಡು ಬೆರಳಿನ ಸಂಗತಿ ಹೇಳಬೇಕು. ಕ್ಲಚ್ ಎಂಬುದು ಗೇರು ಬದಲಿಸುವಾಗ ಎಡಗಾಲಲ್ಲಿ ತುಳಿಯುವ ಪೆಡಲು. ಸೋಮಾರಿ ಡ್ರೈವರುಗಳು ಗೇರು ಹಾಕಿದ ಮೇಲೂ ಕಾಲನ್ನು ಅದರ ಮೇಲೇ ಹೇರಿಕೊಂಡು ಕೂರುತ್ತಾರೆ. ಒಳಗಿನ ಪ್ಲೇಟು ಸವೆದು ಸುಟ್ಟ ವಾಸನೆ ಬರುತ್ತದೆ. ಅವಳ ಗಾಡಿಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆ ವಾಸನೆ ಬಂದಿರಲಿಲ್ಲ. ವರ್ಕ್‌ಶಾಪಿನ ಮೇಸ್ತ್ರಿ ಹೊಸಬರನ್ನು ಕರೆತಂದು, "ನೋಡ್ರೋ, ಇವರ ಕ್ಲಚ್ ಪ್ಲೇಟು ಮೂರು ಡ್ರೈವರ್ ಬಾಳು ಬಾಳುತ್ತೆ" ಎಂದು ತೋರಿಸುತ್ತಿದ್ದ. ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದುದೂ ಅದನ್ನೇ. ಕಾಲು ಪೆಡಲಿಗೆ ತಾಗಬಾರದು, ದೂರವೂ ಹೋಗಬಾರದು. ಯಾವ ಗಳಿಗೆಯಲ್ಲಿ ಬೇಕಾಗುತ್ತದೋ, ಯಾರು ಅಡ್ಡ ಬರುತ್ತಾರೋ! ಎರಡು ಬೆರಳು ಮೇಲೆ ಹಿಡಿದಿರು, ಸದಾ.

ಪೆಡಲಿನ ಎಡಕ್ಕೆ ಪಾದ ಇಟ್ಟುಕೊಳ್ಳಲು ಒಂದು ಜಾಗ ಇರುತ್ತದೆ, ರಬ್ಬರ್ ಹಾಸಿದ್ದು. ಅವಳ ಗಾಡಿಯಲ್ಲಿ ಆ ರಬ್ಬರು ಅಂಗಡಿಯಿಂದ ತಂದ ದಿನದ ಹಾಗೇ ಕಪ್ಪಗೆ ಮಿರಮಿರ ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷ, ದಿನಕ್ಕೆ ಎಂಟು ಗಂಟೆ, ಒಂದು ಇಡೀ ಕಾಲನ್ನು ತೊಡೆಯಿಂದ, ಸೊಂಟದಿಂದ, ಪಕ್ಕೆಯಿಂದ ಎತ್ತಿ ಹಿಡಿದಿದ್ದಳು. ಯಾವುದನ್ನು ತನ್ನ ಜೀವಮಾನದ ಹೆಮ್ಮೆ ಅಂದುಕೊಂಡಿದ್ದಳೋ ಅದೇ ಮೇಲಕ್ಕೆ ಹತ್ತಿ ಹತ್ತಿ ಹೋಗಿ ಕುತ್ತಿಗೆಯಲ್ಲಿ ಕೂತಿತ್ತು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗಂಡನ ಮೇಜಿನ ಮುಂದೆ ನಿಂತಳು. "ರೀ, ನಾನು ಮಲಗಿದಾಗ ನನ್ನ ಎಡಗಾಲು ಎಲ್ಲಿರುತ್ತೆ?"

ಅವನು ತಿರುಪು ಕೆಳಗಿಟ್ಟ. "ಎತ್ಕೊಂಡಿರ್ತೀಯ. ಹೊದಿಕೆ ಅಲ್ಲೊಂದು ಡೇರೆ ಹಾಕಿದ ಹಾಗೆ ಇರುತ್ತೆ. ಆಗಾಗ ತುಳೀತೀಯ ಕೂಡ."

"ಎಷ್ಟು ವರ್ಷದಿಂದ?"

"ನೀನು ಬಸ್ ಹಿಡಿದಾಗ್ಲಿಂದ."

"ಒಂದ್ ದಿನಾನೂ ಹೇಳಲಿಲ್ವಲ್ರೀ!"

"ಹೇಳೋಕ್ ಬಾಯಿ ತೆಗೆಯೋಷ್ಟರಲ್ಲಿ ನೀನು ಎದ್ದು ಹೋಗಿರ್ತಿದ್ದೆ," ಎಂದ ಅವನು. ಅದರಲ್ಲಿ ಕುಹಕವಿರಲಿಲ್ಲ, ದೂರೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟಳು. ಮಾತು ಬಿಟ್ಟಾಗ ಹಲ್ಲು ಕಚ್ಚಿಕೊಂಡಿರುತ್ತೇನೆ ಎಂಬುದೂ ಆಗಲೇ ಅವಳಿಗೆ ಗೊತ್ತಾದದ್ದು.

ಗೊತ್ತಾದರೆ ವಾಸಿಯಾದೀತು ಅಂದುಕೊಂಡಳಲ್ಲ, ಆದದ್ದು ಬೇರೆ. ಈಗ ಎಲ್ಲವೂ ಗೊತ್ತಾಗತೊಡಗಿತು. ಕೆಂಪು ಸಿಗ್ನಲ್ ಕಂಡರೆ ಹೊಟ್ಟೆ ಒಳಗೆ ಸೆಳೆದುಕೊಳ್ಳುತ್ತಿತ್ತು. ಸೈಕಲಿನವನು ಅಡ್ಡ ಬಂದರೆ ಬಲಭುಜ ಕಿವಿಯ ಕಡೆಗೆ ಓಡುತ್ತಿತ್ತು. ಟೀ ಲೋಟ ಎತ್ತಲು ಕೈ ಒಂದೇ ಸಾಕು, ಆದರೆ ಅವಳ ಇಡೀ ಬೆನ್ನು ಎದ್ದು ಬರುತ್ತಿತ್ತು. ಕಾಲನ್ನು ಆ ಹೊಸ ರಬ್ಬರಿನ ಮೇಲಿಟ್ಟು ಓಡಿಸಲು ನೋಡಿದಳು. ಸ್ವಲ್ಪ ದೂರ ಚೆನ್ನಾಗಿತ್ತು. ಆಮೇಲೆ ತಿರುವಿನಲ್ಲಿ ಕಾಲಿಗೆ ಪೆಡಲು ಸಿಗುವುದು ಅರೆಗಳಿಗೆ ತಡವಾಗಿ, ಗಾಡಿ ಕುದುರೆಯಂತೆ ಕುಪ್ಪಳಿಸಿ ನಿಂತಿತು. ಹಿಂದಿನಿಂದ ಒಬ್ಬ ಅಜ್ಜ, "ಹೊಸದಾಗಿ ಕಲೀತಿದೀಯೇನಮ್ಮಾ?" ಎಂದು ಕೂಗಿದ.

"ಹೌದು ತಾತ, ಹೊಸದಾಗೇ!" ಎಂದು ಮುಂದೆ ನೋಡಿಕೊಂಡೇ ಕೂಗಿದಳು. ಇಡೀ ಬಸ್ಸು ನಕ್ಕಿತು. ಅವಳಿಗೆ ನಗು ಬರಲಿಲ್ಲ. ಪರೀಕ್ಷೆಗೆ ಉಳಿದದ್ದು ಮೂರು ವಾರ. ಕುತ್ತಿಗೆ ಹಾಗೇ ಇತ್ತು. ಇದ್ದ ಓಡಿಸುವ ಹದವೂ ಕೈಬಿಟ್ಟು ಹೋಗುತ್ತಿತ್ತು.

"ಮೊದಲು ಕುತ್ತಿಗೆ ಒಂದೇ ನೋಯ್ತಾ ಇತ್ತು ಟೀಚರ್," ಎಂದು ಅವಳು ಹಜಾರದಲ್ಲಿ ದೂರಿದಳು. "ಈಗ ನೀವು ಇಡೀ ಮೈಯನ್ನ ಎಬ್ಬಿಸಿ ಕೂರ್ಸಿದೀರ. ಒಂದೊಂದೂ ಮಾತಾಡುತ್ತೆ. ನಾನು ರಸ್ತೆ ನೋಡ್ಲಾ, ಇವುಗಳ ಮಾತು ಕೇಳ್ಲಾ?"

"ಎರಡೂ ಆಗುತ್ತೆ. ನಿಮ್ಮ ಬಸ್ಸಲ್ಲಿ ಅರವತ್ತು ಜನ ಮಾತಾಡ್ತಾರೆ. ಓಡಿಸ್ತೀರಲ್ಲ?"

"ಅವರು ಇಳ್ಕೊಂಡು ಹೋಗ್ತಾರೆ."

"ಇವೂ ಇಳಿಯುತ್ತೆ. ನೀವು ಎಲ್ಲೂ ನಿಲ್ಲಿಸ್ತಾ ಇಲ್ಲ, ಅಷ್ಟೇ."

ಕೊನೆಯ ಮೂರು ವಾರ ಅವಳು ವಾರಕ್ಕೆ ಮೂರು ಸಲ ಹೋದಳು. ಪಕ್ಕಕ್ಕೆ ಮಲಗಿ ಮೇಲಿನ ತೋಳನ್ನು ಆಕಾಶದ ಕಡೆ ತೆರೆಯುವುದು. ಕೂತು ಬಲಕ್ಕೆ ತಿರುಗುವುದು, ತಿರುಗುತ್ತಿರುವಾಗ ಕಣ್ಣು ಮಾತ್ರ ಎಡಕ್ಕೆ. ಒಂದು ದಿನವಂತೂ ಬರೀ ಮನಸ್ಸಿನಲ್ಲಿ ತಿರುಗಿಸಿ ಎಂದರು, ಮೈ ಅಲ್ಲಾಡಬಾರದು. ಇದನ್ನು ಕೇಳಿ ಶಿಳ್ಳೆ, "ಅಕ್ಕಾ, ನಾಳೆಯಿಂದ ನಾನೂ ಮನಸ್ಸಿನಲ್ಲೇ ಟಿಕೆಟ್ ಹರೀತೀನಿ" ಎಂದ. ಚಡಪಡಿಕೆ ಹೋಗಲಿಲ್ಲ. ಸುಮ್ಮನಿರಿ ಎಂದರೆ ಈಗಲೂ ರೂಟು ಓಡುತ್ತಿತ್ತು. ಆದರೆ ಓಡುತ್ತಿದೆ ಎಂದು ಅವಳಿಗೆ ಕಾಣುತ್ತಿತ್ತು. ಒಂದು ಸಂಜೆ ಮಗ್ಗುಲಾಗಿ ಮಲಗಿ ತೋಳನ್ನು ಹಿಂದಕ್ಕೆ ಬಿಡುವಾಗ, ಕುತ್ತಿಗೆಗೆ ಏನೂ ಹೇಳದೆ ಇದ್ದಾಗಲೇ ತಲೆ ತಾನಾಗಿ ಕೈಯ ಹಿಂದೆ ಹೊರಟು, ಕಿಟಕಿಯ ಸರಳನ್ನು ದಾಟಿ, ಹಿಂದಿನ ಗೋಡೆಯ ಸ್ವಿಚ್ಚಿನ ತನಕ ಹೋಯಿತು. ಗಾಬರಿಯಾಗಿ ಎದ್ದು ಕೂತಳು. ಕೂತು ತಿರುಗಿದರೆ ಮತ್ತೆ ಅದೇ ಅರ್ಧ ದಾರಿ, ಅದೇ ಅಗುಳಿ.

"ಹೋಯ್ತು ಟೀಚರ್!"

"ಬಂದಿದ್ದು ಗೊತ್ತಾಯ್ತಲ್ಲ. ದಾರಿ ಇದೆ ಅಂತ ಆಯ್ತು."

ಪರೀಕ್ಷೆಯ ಬೆಳಿಗ್ಗೆ ಅಂಗಳದ ಸುತ್ತ ಜನ ಸೇರಿದ್ದರು. ಇನ್ಸ್‌ಪೆಕ್ಟರ್ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನಿಂತಿದ್ದ. ಡಾಕ್ಟರಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಪಕ್ಕದಲ್ಲಿದ್ದರು. ಅವಳಿಗಿಂತ ಮುಂಚೆ ಹೋದ ದಪ್ಪ ಮೀಸೆಯ ಡ್ರೈವರ್ ಒಂದೇ ಏಟಿಗೆ ಎರಡು ಕಂಬ ಕೆಡವಿ, ಇಳಿದು, ಯಾರ ಮುಖವನ್ನೂ ನೋಡದೆ ಟೈರು ಗೋದಾಮಿನ ಕಡೆ ನಡೆದುಹೋದ. ಅವನಿಗೆ ಅಲ್ಲಿ ಕೆಲಸ ಎಂದು ಇನ್ಸ್‌ಪೆಕ್ಟರ್ ಬರೆದುಕೊಂಡ. ಕೀಲಿಯಣ್ಣ ಕಿಂಡಿ ಬಿಟ್ಟು ಹೊರಗೆ ಬಂದು ನಿಂತಿದ್ದ. ಇವತ್ತು ತಮಾಷೆ ಮಾಡಲಿಲ್ಲ. ಶಿಳ್ಳೆ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದ, ಅಭ್ಯಾಸಬಲದಿಂದ ಎಲ್ಲಿ ಕೂಗಿಬಿಡುತ್ತೇನೋ ಎಂದು.

ಅವಳು ಹತ್ತಿ ಕೂತಳು. ರಿವರ್ಸ್ ಗೇರು ಹಾಕಿದಳು. ಬೇಗ ಮುಗಿಸಿಬಿಡೋಣ ಎಂದು ಮೈಯೆಲ್ಲ ಕೂಗುತ್ತಿತ್ತು. ಗಾಡಿ ಹಿಂದಕ್ಕೆ ಸರಿಯಿತು. ಬಲಕ್ಕೆ ತಿರುಗಿದಳು. ಗಲ್ಲ ಅರ್ಧಕ್ಕೆ ಬಂತು, ನಿಂತಿತು. ಅಗುಳಿ. ಕನ್ನಡಿಯಲ್ಲಿ ಕಂಬದ ತುದಿ ಮಾತ್ರ ಕಾಣುತ್ತಿತ್ತು. ಬುಡ ಎಲ್ಲಿದೆಯೋ? ಇನ್ನು ನಾಲ್ಕಡಿ, ಮೂರಡಿ. ಹಿಂದಿನ ಇಪ್ಪತ್ತೆರಡು ವರ್ಷದ ಅವಸರದಕ್ಕ ಆಗಿದ್ದರೆ ಅಂದಾಜಿನ ಮೇಲೆ ತೂರಿಸಿಬಿಡುತ್ತಿದ್ದಳು.

ಅವಳು ಬ್ರೇಕ್ ಹಾಕಿದಳು. ಗಾಡಿಯನ್ನು ನ್ಯೂಟ್ರಲ್ಲಿಗೆ ತಂದಳು. ಕ್ಲಚ್ಚಿನಿಂದ ಕಾಲು ತೆಗೆದು ಪಕ್ಕದ ರಬ್ಬರಿನ ಮೇಲಿಟ್ಟಳು. ಇಟ್ಟಳು ಅಂದರೆ ನಿಜವಾಗಿಯೂ ಇಟ್ಟಳು. ಹಿಮ್ಮಡಿ, ಅಂಗಾಲು, ಬೆರಳು. ಸುಮ್ಮನೆ ಕೂತಳು.

ಅಂಗಳದಲ್ಲಿ ಗುಸುಗುಸು ಎದ್ದಿತು. "ಯಾಕ್ ನಿಂತ್ಳು?" "ಆಫಾಯ್ತಾ?" ಇನ್ಸ್‌ಪೆಕ್ಟರ್ ಗಡಿಯಾರ ನೋಡಿದ. ಕೀಲಿಯಣ್ಣ ತಡೆಯಲಾರದೆ, "ತಂಗೀ, ಹೋಗು!" ಎಂದು ಕೂಗಿದ. ಅವಳಿಗೆ ಓಡಿಹೋಗಬೇಕು ಅನ್ನಿಸುತ್ತಿತ್ತು. ಅನ್ನಿಸುತ್ತಿದೆ ಎಂಬುದೂ ಗೊತ್ತಾಗುತ್ತಿತ್ತು. ಎಡಗಡೆಯ ಪೃಷ್ಠ ಮೆಲ್ಲಗೆ ಸೀಟಿಗೆ ಇಳಿಯಿತು, ಆ ಕಳೆದುಹೋದ ಎಂಟು ಗಂಟೆಯ ಜಾಗದಲ್ಲಿ. ಪಕ್ಕೆ ಸಡಿಲವಾಯಿತು. ಉಸಿರು ಕೆಳಗಿನ ತನಕ ಹೋಯಿತು. ಆಗ ಅವಳು ಕುತ್ತಿಗೆಯ ಗೊಡವೆಗೆ ಹೋಗದೆ ಸೀಟಿನಿಂದಲೇ ತಿರುಗಿದಳು. ಸೊಂಟ ತಿರುಗಿತು, ಬೆನ್ನು ಬಂತು, ಭುಜ ಬಂತು, ತಲೆ ಕೊನೆಯಲ್ಲಿ ಅವುಗಳ ಜೊತೆ ಸುಮ್ಮನೆ ಹೋಯಿತು. ಕಿಟಕಿಯಾಚೆ ಬಸ್ಸಿನ ಇಡೀ ಮಗ್ಗುಲು, ಹಿಂದಿನ ಚಕ್ರ, ಚಕ್ರದ ಆಚೆ ಕಂಬದ ಬುಡ. ಒಂದು ವರ್ಷದಿಂದ ಕಾಣದಿದ್ದ ನೆಲ.

ಕ್ಲಚ್ ತುಳಿದು, ಗೇರು ಹಾಕಿ, ನೋಡಿಕೊಂಡೇ ತೂರಿಸಿದಳು. ಬಲಗಡೆಗೆ ಒಂದು ಗೇಣು, ಎಡಗಡೆಗೆ ಒಂದು ಗೇಣು. ಯಾವ ಕಂಬವೂ ಅಲ್ಲಾಡಲಿಲ್ಲ. ಶಿಳ್ಳೆ ಕೈ ತೆಗೆದು ಊದಿದ ಶಿಳ್ಳೆಗೆ ಡಾಕ್ಟರಮ್ಮ ಬೆಚ್ಚಿಬಿದ್ದರು.

ಇನ್ಸ್‌ಪೆಕ್ಟರ್ ಹಲಗೆ ಹಿಡಿದು ಹತ್ತಿರ ಬಂದ. "ಒಂದೇ ಸಲಕ್ಕೆ ತೆಗೀಬೇಕಿತ್ತು. ಮಧ್ಯ ಯಾಕ್ ನಿಲ್ಲಿಸಿದ್ರಿ?"

"ಕಾಣ್ತಾ ಇರಲಿಲ್ಲ ಸಾರ್."

"ಕಾಣ್ದಿದ್ರೆ?"

"ಕಾಣ್ದಿದ್ರೆ ನಿಲ್ಲಿಸ್ಬೇಕಲ್ವಾ? ಅವತ್ತು ನಿಲ್ಲಿಸ್ಲಿಲ್ಲ. ಬೆಂಚು ಮುರೀತು."

ಇನ್ಸ್‌ಪೆಕ್ಟರ್ ಡಾಕ್ಟರಮ್ಮನ ಮುಖ ನೋಡಿದ. ಅವರು ಅವಳ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕಾಗದದ ಮೇಲೆ ಏನೋ ಬರೆದು ಕೊಟ್ಟರು. ಅವಳು ಕಸಿದುಕೊಂಡು ಓದಿದಳು.

"ಆರು ತಿಂಗಳಾ? ಆಮೇಲೆ?"

"ಆಮೇಲೆ ಮತ್ತೆ ಬನ್ನಿ, ನೋಡೋಣ. ಇವತ್ತಿನ ಮಟ್ಟಿಗೆ ಓಡಿಸಬಹುದು."

"ಆರು ತಿಂಗಳು ಅಂದ್ರೆ ಏನ್ ಡಾಕ್ಟರೇ, ಕೊಟ್ಟ ಹಾಗೂ ಅಲ್ಲ, ಕಿತ್ಕೊಂಡ ಹಾಗೂ ಅಲ್ಲ!"

"ಎಲ್ಲರ ಮೈಯೂ ಅಷ್ಟೇ ಅಲ್ವಾ," ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದರು.

ಗೊಣಗುತ್ತಲೇ ಹನ್ನೊಂದು ಇಪ್ಪತ್ತರ ಗಾಡಿ ಹತ್ತಿದಳು. ಆಗಲೇ ನಾಲ್ಕು ನಿಮಿಷ ತಡ. ಡಿಪೋದ ಮುಂದಿನ ಗೇಟು ಹೊರಗೆ ಹೋಗುವುದಕ್ಕೆ ಮಾತ್ರ, ಒಳಬರುವುದೆಲ್ಲ ಹಿಂದಿನ ಗೇಟಿನಿಂದ. ಮುಂದಿನ ಗೇಟು ದೊಡ್ಡ ರಸ್ತೆಗೆ ಓರೆಯಾಗಿ ಕೂಡುತ್ತದೆ. ಬಲಭುಜದ ಮೇಲಿಂದ ಹಿಂದೆ ನೋಡಿಕೊಂಡು ನುಗ್ಗಬೇಕು. ವರ್ಷದಿಂದ ಅವಳು ಕನ್ನಡಿಯ ಒಂದಂಗುಲ ರಸ್ತೆಯನ್ನೇ ನಂಬಿ ನುಗ್ಗುತ್ತಿದ್ದಳು. ಇವತ್ತು ಗಾಡಿ ನಿಲ್ಲಿಸಿ, ಕಾಲು ಇಳಿಸಿ, ಸೀಟಿನಿಂದ ತಿರುಗಿದಳು. ಮುಕ್ಕಾಲು ಪಾಲು ತಿರುಗಿತು. ಅಷ್ಟು ಸಾಕಾಗಿತ್ತು. ಲಾರಿ ಬರುತ್ತಿತ್ತು, ಅದರ ಹಿಂದೆ ಎರಡು ಕಾರು. ಅವುಗಳ ಹಿಂದೆ ಎರಡಂತಸ್ತಿನ ಒಂದು ಕಟ್ಟಡ, ಮೇಲಿಂದ ಕೆಳಗಿನ ತನಕ ಮೊಟ್ಟೆಯ ಹಳದಿಯ ಬಣ್ಣ ಬಳಿದುಕೊಂಡು ನಿಂತಿತ್ತು.

"ಏಯ್, ಇದ್ಯಾವಾಗ ಕಟ್ಟಿದ್ರೋ?"

ಶಿಳ್ಳೆ ಬಾಗಿಲಿನಿಂದ ಬಗ್ಗಿ ನೋಡಿದ. "ಬಣ್ಣದಂಗಡೀನಾ? ಅಕ್ಕಾ, ಅದು ಕಟ್ಟಿ, ತೆರೆದು, ಮೊನ್ನೆ ಬಾಗಿಲೂ ಹಾಕಿದ್ರು. ವ್ಯಾಪಾರ ಆಗ್ಲಿಲ್ವಂತೆ."

"ಇಷ್ಟ್ ದೊಡ್ಡದು!"

"ದಿನಾ ಅದಕ್ಕೆ ಬೆನ್ನು ಹಾಕೇ ಹೊರಡ್ತೀವಲ್ಲಕ್ಕ."

ಲಾರಿ ಹೋಯಿತು. ಕಾರುಗಳು ಹೋದವು. ಹಿಂದಿನಿಂದ ಯಾರೋ, "ಹೊರಡಮ್ಮಾ, ಹೊತ್ತಾಯ್ತು!" ಎಂದರು. ಅವಳು ಇನ್ನೊಂದು ಗಳಿಗೆ ಆ ಹಳದಿ ಗೋಡೆಯನ್ನು ನೋಡಿದಳು, ಆಮೇಲೆ ಗೇರು ಹಾಕಿದಳು.